ಭಾವ ಮಾಡಿದ್ದನ್ನು ದೇವರ ಲೆಕ್ಕಕ್ಕೆ ಬರೆಯಬೇಡ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಅಕೌಂಟ್ಸ್ ಕೆಲಸ ಅಂತ ದುಬೈಗೆ ಕರೆಸಿದರು, ಈಗ ಗೋಡೌನಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸ, ಸಂಬಳ ಹೇಳಿದ್ದರಲ್ಲಿ ಅರ್ಧ, ಏಜೆಂಟನ್ನು ತೋರಿಸಿಕೊಟ್ಟ ಭಾವ ಫೋನೇ ಎತ್ತುವುದಿಲ್ಲ. "ಅಣ್ಣಾ, ಇಲ್ಲಿ ಎಲ್ಲರದ್ದೂ ಹೀಗೇನಾ, ದೇವರೂ ನನ್ನನ್ನು ಮರೆತನಾ" ಅಂತ ಕೇಳಿದ್ದೀಯ.

ಎಲ್ಲರದ್ದೂ ಹೀಗಲ್ಲ. ನಿನಗೆ ಮೋಸ ಆಗಿದೆ.

ಕನಕನ ಕಿಂಡಿಯ ಕತೆ ಹೇಳಿ ಸಮಾಧಾನ ಮಾಡುವವರು ಬೇಕಾದಷ್ಟು ಸಿಗುತ್ತಾರೆ, ನೀನು ಉಡುಪಿಯವನೇ, ಅದನ್ನು ನಾನು ಹೇಳಬೇಕಾಗಿಲ್ಲ. ನಮ್ಮೂರ ನೇಮದಲ್ಲಿ, ಅಂದರೆ ಭೂತಕೋಲದಲ್ಲಿ ನೋಡಿದ್ದೀಯಲ್ಲ, ಅನ್ಯಾಯ ಆದವರು ದೈವದ ಎದುರು ಬಾಯಿ ಮುಚ್ಚಿ ನಿಲ್ಲುವುದಿಲ್ಲ, ನಂಬಿದ ನಮಗೇ ಯಾಕೆ ಹೀಗಾಯಿತು ಅಂತ ಕೇಳಿಯೇ ಬಿಡುತ್ತಾರೆ. ಅವರಿಗೆ ನಂಬಿಕೆ ಇಲ್ಲ ಅಂತ ಯಾರೂ ಹೇಳುವುದಿಲ್ಲ. ನೀನೂ ಕೇಳು. ಅಳು ಬಂದರೆ ಅಳು. ಆದರೆ ಭಾವ ಮಾಡಿದ್ದನ್ನು ದೇವರ ಲೆಕ್ಕಕ್ಕೆ ಬರೆಯಬೇಡ, ಲೆಕ್ಕ ಕಲಿತವನು ನೀನು.

ಇನ್ನೊಂದು. ರೂಮಿನಲ್ಲಿರುವ ಪುತ್ತೂರಿನ ಬ್ಯಾರಿ ಮುಸ್ಲಿಂ ಹುಡುಗ ತನ್ನ ಅನ್ನ-ಮೀನು ಸಾರಿನಲ್ಲಿ ನಿನಗೂ ಪಾಲು ಕೊಡುತ್ತಾನೆ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀಯ. ನಾನು ಆ ಸಾಲಿನಲ್ಲೇ ನಿಂತೆ. ಸಂಬಂಧವೇ ಇಲ್ಲದವನು, ಅವನ ಸಂಬಳವೂ ಅಷ್ಟಕ್ಕಷ್ಟೇ ಇರಬೇಕು, ಅವನ್ಯಾಕೆ ಕೊಡಬೇಕು ಹೇಳು? ದೇವರ ಆಸರೆ ಅಂದರೆ ನನಗೆ ಗೊತ್ತಿರುವುದು ಇದೇ. ಭಾವನ ರೂಪದಲ್ಲೇ ಬರಬೇಕು ಅಂತ ಕಾಯ್ತಾ ಕೂತರೆ ಅದು ಕಾಣುವುದಿಲ್ಲ.

ದೇವರನ್ನು ನಂಬಿದವನು ದೂರು ಕೊಡಬಾರದು ಅಂತ ಯಾರೋ ಹೇಳಿದರಂತೆ. ಅದೆಲ್ಲ ಸುಮ್ನೆ. ದುಬೈಯ ಭಾರತೀಯ ಕಾನ್ಸುಲೇಟಿನ ಸಹಾಯ ಕೇಂದ್ರಕ್ಕೆ 800 46342ಗೆ ಫೋನ್ ಮಾಡು, ದುಡ್ಡು ಬೀಳುವುದಿಲ್ಲ. ಪಾಸ್‌ಪೋರ್ಟ್ ಕಂಪೆನಿಯವರ ಕೈಯಲ್ಲಿದ್ದರೆ ಅದನ್ನೂ ಹೇಳು, ಅಲ್ಲಿ ಕಂಪೆನಿ ಅದನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಏಜೆಂಟ್ ಎಷ್ಟು ತೆಗೆದುಕೊಂಡ? ಲೈಸೆನ್ಸ್ ಇರುವವನೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಅವನ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ದೂರು ಹಾಕಬಹುದು. ಅಲ್ಲಿಯವರೆಗೆ ಕೋಪದಲ್ಲಿ ಕೆಲಸ ಬಿಟ್ಟು ಓಡಬೇಡ, ಆಮೇಲೆ ತಪ್ಪು ನಿನ್ನ ತಲೆಗೇ ಬರುತ್ತದೆ.

ರಜೆ ದಿನ ಜೆಬೆಲ್ ಅಲಿಯ ದೇವಸ್ಥಾನಕ್ಕೆ ಹೋಗಿ ಬಾ, 2022ರಲ್ಲಿ ಆದದ್ದು. ಅಲ್ಲಿ ಊರಿನವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಕೆಲಸದ ಸುದ್ದಿಯೂ ಸಿಗಬಹುದು.

ಅಮ್ಮನಿಗೆ "ಎಲ್ಲ ಚೆನ್ನಾಗಿದೆ" ಅಂತ ಇನ್ನೂ ಎಷ್ಟು ದಿನ ಹೇಳುತ್ತೀಯ? ನಾನು ಈ ತಿಂಗಳು ಪೂರ್ತಿ ಉಡುಪಿಯಲ್ಲೇ ಇದ್ದೇನೆ, ನಿನಗೆ ಹೇಳಲು ಆಗದಿದ್ದರೆ ಮನೆಗೆ ಹೋಗಿ ನಾನೇ ನಿಧಾನಕ್ಕೆ ಹೇಳುತ್ತೇನೆ. ಈಗ ಆಫರ್ ಲೆಟರಿನ ಫೋಟೋ ಕಳುಹಿಸು, ಸಂಬಳ ಎಷ್ಟು ಅಂತ ಬರೆದಿದ್ದಾರೆ ನೋಡೋಣ.