ತೊಡೆಮೂಳೆಗೆ ಪ್ಲೇಟ್ ಹಾಕಿಸಿದ ನಾಯಿಯ ಆರೈಕೆ

ಪ್ರಶ್ನೆ: ಕಬ್ಬಿನ ಟ್ರಾಕ್ಟರ್ ತಗುಲಿ ನಮ್ಮ ಒಂಬತ್ತು ತಿಂಗಳ ನಾಟಿ ನಾಯಿಯ ಹಿಂಗಾಲಿನ ತೊಡೆಮೂಳೆ ಮುರಿದಿತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿ, ಪ್ಲೇಟ್ ಹಾಕಿಸಿಕೊಂಡು ಬಂದು ಇಂದಿಗೆ 9 ದಿನಗಳಾದವು. ಕಾಲು ಅಲುಗಬಾರದೆಂದು ಹಜಾರದ ಕಂಬಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದ್ದೇವೆ. ಹೊರಗೆ ಬಿಟ್ಟಾಗ ಮೂರೇ ಕಾಲಿನಲ್ಲಿ ಕುಪ್ಪಳಿಸುತ್ತದೆ, ಆ ಕಾಲನ್ನು ಊರುವುದೇ ಇಲ್ಲ. ಮೇಕೆ ಕಾಲಿನ ಸೂಪು, ಕ್ಯಾಲ್ಸಿಯಂ ಮಾತ್ರೆ ಕೊಡಿ ಎಂದು ಅತ್ತೆಯವರು ಹೇಳುತ್ತಾರೆ. ರಾತ್ರಿ ನರಳಿದಾಗ ನಮ್ಮ ನೋವಿನ ಮಾತ್ರೆಯಲ್ಲಿ ಅರ್ಧ ಕೊಡಬಹುದೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಇಂದು ರಾತ್ರಿಯೇ ಬೇಕಾಗುವ ಉತ್ತರವನ್ನು ಮೊದಲು ಹೇಳುತ್ತೇನೆ: ಆ ಮಾತ್ರೆಯನ್ನು ಕೊಡಬೇಡಿ. ಮನುಷ್ಯರು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳಿಂದ ನಾಯಿಯ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ಮೂತ್ರಪಿಂಡಗಳೂ ಕೆಡಬಹುದು. ಪಶುವೈದ್ಯರು ಬರೆದುಕೊಟ್ಟ ಔಷಧಿ ಸಾಲದೆನಿಸಿದರೆ ಅವರಿಗೇ ಫೋನ್ ಮಾಡಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ‘ಕಾಲು ಅಲುಗಬಾರದು’ ಎಂಬ ಮಾತು. ಓಡುವುದು, ಜಿಗಿಯುವುದು, ಮೆಟ್ಟಿಲು ಹತ್ತುವುದು ನಿಲ್ಲಬೇಕೇ ಹೊರತು ಕೀಲು ಮಡಚುವುದು ನಿಲ್ಲಬಾರದು. ಬೆಳೆಯುವ ವಯಸ್ಸಿನ ನಾಯಿಯಲ್ಲಿ ತೊಡೆಮೂಳೆ ಮುರಿದು, ಕಾಲು ಬಹಳ ದಿನ ಚಾಚಿಕೊಂಡೇ ಉಳಿದರೆ, ತೊಡೆಯ ಮುಂಭಾಗದ ಸ್ನಾಯು ಗಾಯದ ಕಲೆಯೊಂದಿಗೆ ಮೂಳೆಗೆ ಅಂಟಿಕೊಂಡು ಮಂಡಿ ಕೋಲಿನಂತೆ ಸೆಟೆದುಬಿಡುತ್ತದೆ; ಒಮ್ಮೆ ಹಾಗಾದರೆ ಸರಿಪಡಿಸುವುದು ಬಹಳ ಕಷ್ಟ. ಎರಡು ವಾರದೊಳಗೆ ಬೆರಳ ತುದಿಯನ್ನಾದರೂ ನೆಲಕ್ಕೆ ತಾಗಿಸಲು ಆರಂಭಿಸಬೇಕು. ಆದ್ದರಿಂದ ಹೊಲಿಗೆ ಬಿಚ್ಚುವ ದಿನದವರೆಗೆ ಕಾಯದೆ ನಾಳೆಯೇ ಆಪರೇಷನ್ ಮಾಡಿದ ವೈದ್ಯರಿಗೆ ವಿಷಯ ತಿಳಿಸಿ, ಮಂಡಿಯ ವ್ಯಾಯಾಮಕ್ಕೆ ಅನುಮತಿ ಕೇಳಿ.

ಅವರು ಒಪ್ಪಿದರೆ ನಾಯಿಯನ್ನು ನೋವಿರುವ ಕಾಲು ಮೇಲೆ ಬರುವಂತೆ ಮಗ್ಗುಲಾಗಿ ಮಲಗಿಸಿ. ಒಂದು ಅಂಗೈಯನ್ನು ತೊಡೆಯ ಕೆಳಗಿಟ್ಟು ಆಸರೆ ಕೊಟ್ಟು, ಇನ್ನೊಂದು ಕೈಯಲ್ಲಿ ಮಂಡಿಯ ಕೆಳಗಿನ ಭಾಗವನ್ನು ಹಿಡಿದು ನಿಧಾನವಾಗಿ ಮಡಚಿ. ನಾಯಿ ತಲೆ ತಿರುಗಿಸಿ ನಿಮ್ಮ ಕೈಯತ್ತ ನೋಡಿತೆಂದರೆ ಅಂದಿನ ಮಿತಿ ಅಷ್ಟೇ ಎಂದು ತಿಳಿದು, ಅಲ್ಲಿಯೇ ಕೆಲವು ಸೆಕೆಂಡು ನಿಲ್ಲಿಸಿ, ಹಾಗೆಯೇ ಚಾಚಿಸಿ. ಹತ್ತು ಹದಿನೈದು ಬಾರಿಯಂತೆ ದಿನಕ್ಕೆ ಎರಡು ಮೂರು ಸಲ ಮಾಡಿದರೆ ಸಾಕು, ಬಲವಂತ ಬೇಡ.

ಗಿಡ್ಡ ಹಗ್ಗವನ್ನು ಬಿಚ್ಚಿಬಿಡಿ. ಎಳೆದಾಡಿದಷ್ಟೂ ಕಾಲು ತಿರುಚಿಕೊಳ್ಳುತ್ತದೆ. ಹಜಾರದ ಮೂಲೆಯಲ್ಲಿ ಎರಡು ಬೆಂಚನ್ನು ಅಡ್ಡಲಾಗಿ ಮಲಗಿಸಿ, ಎದ್ದು ತಿರುಗಿ ಮಲಗುವಷ್ಟು ಜಾಗ ಮಾಡಿಕೊಡಿ. ನಮ್ಮ ಕಡೆಯ ಕೆಂಪು ರೆಡ್‌ಆಕ್ಸೈಡ್ ನೆಲ ಕಣ್ಣಿಗೆ ಚೆಂದ, ಮೂರು ಕಾಲಿನ ನಾಯಿಗೆ ಶತ್ರು. ಬರೀ ಗೋಣಿಚೀಲವೂ ಜಾರುವುದರಿಂದ ರಬ್ಬರ್ ಮ್ಯಾಟ್ ಹಾಸಿ ಅದರ ಮೇಲೆ ಗೋಣಿಯನ್ನು ಹರಡಿ. ಹೊರಗೆ ಕರೆದೊಯ್ಯುವಾಗ ಕೊರಳಿಗೆ ಬೆಲ್ಟ್ ಇರಲಿ, ಟವೆಲನ್ನು ಹೊಟ್ಟೆಯಡಿ ತೂರಿಸಿ ಎರಡೂ ತುದಿಯನ್ನು ಮೇಲೆ ಹಿಡಿದು ಸೊಂಟಕ್ಕೆ ಆಸರೆ ಕೊಡಿ. ಐದು ನಿಮಿಷ ನಿಧಾನವಾಗಿ ನಡೆಸಿದಾಗಲೇ ಅದಕ್ಕೆ ಆ ಕಾಲನ್ನು ಊರುವ ಧೈರ್ಯ ಬರುತ್ತದೆ.

ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಗಳೊಳಗೆ ಬಿಚ್ಚುತ್ತಾರೆ. ಅಲ್ಲಿಯವರೆಗೆ, ಗಾಯ ನೆಕ್ಕದಂತೆ ಕೊರಳಿಗೆ ಹಾಕಿದ ಕೋನ್ ತೆಗೆಯಬೇಡಿ, ಅರಿಶಿನ ಹಚ್ಚಬೇಡಿ. ಕೀವು ಸೋರಿದರೆ, ಗಾಯ ವಾಸನೆ ಬಂದರೆ ಅಥವಾ ಊರುತ್ತಿದ್ದ ಕಾಲನ್ನು ಮತ್ತೆ ಎತ್ತಿಕೊಂಡರೆ ಕೂಡಲೇ ತೋರಿಸಬೇಕು.

ಅತ್ತೆಯವರ ಸೂಪಿಗೆ ನನ್ನ ಅಡ್ಡಿಯಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಖಾರ ಇಲ್ಲದೆ ಬೇಯಿಸಿ, ಮೂಳೆಯನ್ನು ಸೋಸಿ ಸ್ವಲ್ಪ ಕೊಡಲಿ. ಆದರೆ ಮೂಳೆ ಕೂಡುವುದು ಸೂಪಿನಿಂದಲ್ಲ. ಸಮತೋಲನದ ಆಹಾರ ಸಿಗುತ್ತಿದ್ದರೆ ಕ್ಯಾಲ್ಸಿಯಂ ಮಾತ್ರೆಯೂ ಬೇಕಿಲ್ಲ, ಬೆಳೆಯುವ ನಾಯಿಗೆ ಅದು ಹೆಚ್ಚಾದರೂ ತೊಂದರೆಯೇ. ಓಡಾಟ ಕಡಿಮೆಯಾಗಿರುವುದರಿಂದ ಅನ್ನವನ್ನು ಕೊಂಚ ತಗ್ಗಿಸಿ ಮೊಟ್ಟೆ ಅಥವಾ ಬೇಯಿಸಿದ ಕೋಳಿಮಾಂಸ ಸೇರಿಸಿ.

ತಿಂಗಳು ಕಳೆಯುವಷ್ಟರಲ್ಲಿ ಅದು ಬಾಲವಾಡಿಸಿಕೊಂಡು ಬೆಂಚು ಹಾರಲು ನೋಡುತ್ತದೆ. ಮನೆಯವರು ಮೋಸಹೋಗುವುದು ಆಗಲೇ. ಆರರಿಂದ ಎಂಟು ವಾರಕ್ಕೆ ಎಕ್ಸ್‌ರೇ ತೆಗೆಸಿ, ಮೂಳೆ ಕೂಡಿದೆಯೆಂದು ವೈದ್ಯರು ಹೇಳಿದ ಮೇಲೆಯೇ ಅಂಗಳಕ್ಕೆ ಬಿಡಿ.