ನನ್ನದೇ ಲೆಕ್ಕದಲ್ಲಿ ನಾನು ಕೈಯಾಡಿಸಿದ ಮೂರು ವರ್ಷ

ನೀವು ಕೇಳಿರುವುದು ಎರಡು ಪ್ರಶ್ನೆ. ಟೈಪ್ 2 ಮಧುಮೇಹ ಎಂದು ಗೊತ್ತಾಗಿ ಮೂರು ವಾರವಾಗಿದೆ, ವರ್ಷಗಟ್ಟಲೆ ಇದರೊಂದಿಗೆ ಬದುಕಿದವರು ದಿನವಿಡೀ ಇದನ್ನೇ ಯೋಚಿಸುತ್ತಿರುತ್ತಾರೆಯೇ ಎಂಬುದು ಮೊದಲನೆಯದು. ಮನೆಯಲ್ಲಿ ಇನ್ನೂ ಹೇಳಿಲ್ಲ, ಹೇಳಲೇಬೇಕೇ ಎಂದು ಕೊನೆಯ ಸಾಲಿನಲ್ಲಿ ಮೆಲ್ಲಗೆ ಸೇರಿಸಿದ್ದೀರಿ, ಅದು ಎರಡನೆಯದು.

ನನಗೆ ಇದು ಬಂದಾಗ 41 ವರ್ಷ. ಈಗ 58. ನಾನು ವೈದ್ಯನಲ್ಲ, ಲೆಕ್ಕಪರಿಶೋಧಕ. ಬೇರೆಯವರ ಪುಸ್ತಕಗಳಲ್ಲಿನ ಸುಳ್ಳು ಲೆಕ್ಕ ಹಿಡಿಯುವುದು ನನ್ನ ಹೊಟ್ಟೆಪಾಡು. ಮಾತ್ರೆ, ಪ್ರಮಾಣಗಳ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆ. ನಾನು ಹೇಳುವುದು ನನಗಾದದ್ದನ್ನು ಮಾತ್ರ.

ನನಗೆ ಮೊದಲು ಕೈಕೊಟ್ಟದ್ದು ಕಣ್ಣು. ಅಂಕಿಗಳು ಮಸುಕಾಗತೊಡಗಿದವು, 3 ಮತ್ತು 8 ಒಂದೇ ತರಹ ಕಾಣುತ್ತಿದ್ದವು. ವಯಸ್ಸಾಯಿತು ಎಂದುಕೊಂಡು ಹೊಸ ಕನ್ನಡಕ ಮಾಡಿಸಿದೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದನ್ನು ನೀರು ಹೆಚ್ಚು ಕುಡಿಯುವುದರ ಲೆಕ್ಕಕ್ಕೆ ಬರೆದೆ. ನೀರು ಏಕೆ ಅಷ್ಟು ಬೇಕಾಗುತ್ತಿದೆ ಎಂದು ಕೇಳಿಕೊಳ್ಳಲಿಲ್ಲ. ಕೊನೆಗೆ ಬೇರೆ ಯಾವುದೋ ಕಾರಣಕ್ಕೆ ರಕ್ತ ಕೊಟ್ಟಾಗ ಖಾಲಿ ಹೊಟ್ಟೆಯ ಸಕ್ಕರೆ 212 ಬಂತು. ಡೆಸಿಲೀಟರಿಗೆ 126 ಮಿಲಿಗ್ರಾಂ ಮುಟ್ಟಿದರೇ ಮಧುಮೇಹ ಎನ್ನುತ್ತಾರೆ. ತಮಾಷೆಯೆಂದರೆ, ಚಿಕಿತ್ಸೆ ಶುರುವಾಗಿ ಕೆಲವು ವಾರಗಳಲ್ಲಿ ಹೊಸ ಕನ್ನಡಕ ಹೊಂದದೆ ಹಳೆಯದೇ ಸರಿಹೋಯಿತು. ಸಕ್ಕರೆ ಏರಿದಾಗ ಕಣ್ಣಿನ ಮಸೂರ ಉಬ್ಬಿ ದೃಷ್ಟಿ ಬದಲಾಗುತ್ತದಂತೆ. ನಿಮಗೂ ಈಗ ಮಂಜಾಗಿದ್ದರೆ ಕನ್ನಡಕಕ್ಕೆ ಅವಸರಪಡಬೇಡಿ. ಆದರೆ ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡುವ ಪರೀಕ್ಷೆಯನ್ನು ಮಾತ್ರ ಈಗಲೇ ಮಾಡಿಸಿ. ಟೈಪ್ 2 ಪತ್ತೆಯಾಗುವ ಎಷ್ಟೋ ಮೊದಲೇ ಶುರುವಾಗಿರುತ್ತದೆ.

ಇನ್ನು ಆ ಮೂರು ವರ್ಷದ ಕಥೆ. ಮೂರು ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯ ಪರೀಕ್ಷೆ ಮಾಡಿಸಿ ತೋರಿಸಬೇಕಿತ್ತು. ದಿನಾಂಕ ಮೊದಲೇ ಗೊತ್ತಿರುತ್ತಿತ್ತಲ್ಲ, ನಾಲ್ಕು ದಿನ ಮೊದಲಿನಿಂದ ನಾನು ಋಷಿಯಾಗುತ್ತಿದ್ದೆ. ಅರ್ಧ ಊಟ, ಬೆಳಿಗ್ಗೆ ಸಂಜೆ ನಡಿಗೆ, ಸಿಹಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. 118, 121, 115. ವೈದ್ಯರು ತಲೆಯಾಡಿಸುತ್ತಿದ್ದರು, ನಾನು ಹೊರಗೆ ಬಂದು ಆ ದಿನವೇ ಹಬ್ಬ ಮಾಡುತ್ತಿದ್ದೆ. ಆ ವೈದ್ಯರು ಊರು ಬಿಟ್ಟು, ಅವರ ಜಾಗಕ್ಕೆ ಬಂದವರು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ಶೇಕಡಾ 9.1 ಬಂತು, ತೀರಾ ಹೆಚ್ಚು. ರಕ್ತದ ಸಕ್ಕರೆ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಹಾಗಾಗಿ ಆ ಒಂದು ಸಂಖ್ಯೆಯಲ್ಲಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಇರುತ್ತದೆ. ನನ್ನ ನಾಲ್ಕು ದಿನದ ತಪಸ್ಸು ಅದರಲ್ಲಿ ಎಲ್ಲಿಯೂ ಕಾಣಲಿಲ್ಲ. ವರ್ಷಾಂತ್ಯಕ್ಕೆ ಪೆಟ್ಟಿಗೆಯಲ್ಲಿ ಹಣ ತುಂಬಿಸಿಟ್ಟು ನಗದು ಸರಿಯಿದೆ ಎಂದು ತೋರಿಸುವವರನ್ನು ನಾನು ಎಷ್ಟು ಜನರನ್ನು ಹಿಡಿದಿದ್ದೇನೋ ಲೆಕ್ಕವಿಲ್ಲ. ಅವರೆಲ್ಲರ ಮುಖ ಅಂದು ನನ್ನ ಮುಖದ ಮೇಲೆ ಇತ್ತು.

ಗ್ಲುಕೋಮೀಟರ್ ಕೊಂಡದ್ದು ಅದಾದ ಮೇಲೆ. ಅದರಲ್ಲೂ ಮೊದಮೊದಲು ನೋಡುತ್ತಿದ್ದದ್ದು ಒಳ್ಳೆಯ ಸಂಖ್ಯೆ ಬರಬಹುದು ಅನಿಸಿದಾಗ ಮಾತ್ರ. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಒಂದು ದಿನ ಬೇಕೆಂದೇ ಕೆಟ್ಟ ಊಟವಾದ ಎರಡು ಗಂಟೆಗೆ ನೋಡಿದೆ, 264. ಮರುದಿನ ಅದೇ ಊಟ, ಆದರೆ ಊಟ ಮುಗಿದೊಡನೆ ಇಪ್ಪತ್ತು ನಿಮಿಷ ನಡೆದೆ, 203. ಎರಡೂ ಒಳ್ಳೆಯ ಸಂಖ್ಯೆಗಳಲ್ಲ, ಆದರೆ ನಡುವಿನ 61 ನನ್ನ ಕಾಲುಗಳ ಸಂಪಾದನೆ. ಯಂತ್ರದಲ್ಲೂ ಶೇಕಡಾ ಹತ್ತು ಹದಿನೈದರಷ್ಟು ಏರುಪೇರು ಇರುತ್ತದೆ, ಆದರೂ ಏನೋ ಉಳಿದೀತು ಅನಿಸಿತು. ಅಂದಿನಿಂದ ಮೀಟರಿನ ಸಂಖ್ಯೆ ಬರೆದಿಡುವ ಪುಸ್ತಕದಲ್ಲಿ ಸಂಖ್ಯೆಯ ಪಕ್ಕದಲ್ಲಿ ಕಾರಣವನ್ನೂ ಬರೆಯತೊಡಗಿದೆ: ನಿದ್ದೆಗೆಟ್ಟೆ, ಜ್ವರ, ಮಂಡಿನೋವಿಗೆ ಸ್ಟೀರಾಯ್ಡ್ ಚುಚ್ಚುಮದ್ದು (ಇದು ಒಂದು ವಾರ ಆಟವಾಡಿಸಿತು), ಜಗಳ.

ಒಂದು ಒಗಟು ಮಾತ್ರ ಬಹಳ ದಿನ ಕಾಡಿತು. ರಾತ್ರಿ ಮಲಗುವಾಗ 130, ಏನೂ ತಿನ್ನದೆ ಬೆಳಿಗ್ಗೆ ಎದ್ದರೆ 165. ವೋಚರ್ ಇಲ್ಲದೆ ಜಮೆ! ಮುಂಜಾವಿನಲ್ಲಿ ಕಾರ್ಟಿಸಾಲ್‌ನಂತಹ ಹಾರ್ಮೋನುಗಳು ಏರಿ, ಯಕೃತ್ತು ತನ್ನ ದಾಸ್ತಾನಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ ಎಂದು ವೈದ್ಯರು ವಿವರಿಸುವವರೆಗೆ ನಿದ್ದೆಯಲ್ಲಿ ಎದ್ದು ತಿನ್ನುತ್ತಿದ್ದೇನೋ ಎಂಬ ಅನುಮಾನ ನನಗೇ ಬಂದಿತ್ತು. ನಿಮಗೂ ಹೀಗಾದರೆ ರಾತ್ರಿಯ ಊಟವನ್ನೇ ಬಿಟ್ಟುಬಿಡುವ ಸಾಹಸ ಮಾಡಬೇಡಿ, ಪುಸ್ತಕ ತೋರಿಸಿ ಕೇಳಿ.

ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟಿರಬಹುದು, ಸಾಮಾನ್ಯವಾಗಿ ಅದರಿಂದಲೇ ಶುರು. ಮೊದಲ ವಾರಗಳಲ್ಲಿ ಹೊಟ್ಟೆ ಕೆಡಬಹುದು. ಊಟದ ಜೊತೆ ತೆಗೆದುಕೊಂಡರೆ ಎಷ್ಟೋ ವಾಸಿ, ನಿಧಾನವಾಗಿ ಕರಗುವ ಬಗೆಯೂ ಇದೆ. ನಾನು ತಡವಾಗಿ ಕಲಿತದ್ದು ಇನ್ನೊಂದು. ಎಂಟನೆಯ ವರ್ಷ ಪಾದ ಜುಮುಗುಟ್ಟತೊಡಗಿತು. ಸಕ್ಕರೆಯಿಂದ ನರ ಹೋಯಿತು, ಇನ್ನೇನು ಕಾಲೂ ಹೋಗುತ್ತದೆ ಎಂದು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಹೆದರಿದೆ. ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರಾ ಕಡಿಮೆ ಬಂತು. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ಅದು ಇಳಿಯಬಹುದು. ಬಿ12 ಕೊಟ್ಟ ಮೇಲೆ ಬಹುಮಟ್ಟಿಗೆ ವಾಸಿಯಾಯಿತು. ಆದರೂ ದಿನವೂ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ. ನೋವೇ ತಿಳಿಯದ ಗಾಯಕ್ಕೆ ಕಣ್ಣೇ ಕಾವಲು.

ಹನ್ನೆರಡನೆಯ ವರ್ಷ ಇನ್ಸುಲಿನ್ ಎಂದಾಗ ನಾನು ಸೋತೆ ಎಂದು ಅತ್ತದ್ದು ನಿಜ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ವರ್ಷಗಳು ಕಳೆದಂತೆ ದಣಿಯುತ್ತವೆ, ಇದು ಶಿಕ್ಷೆಯಲ್ಲ ಎಂದು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಆಮೇಲೆ ಓದಿದೆ: 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ 14 ವರ್ಷ. ಅದುವರೆಗೆ ಅಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಹೆಚ್ಚುಕಡಿಮೆ ಉಪವಾಸವೇ. ಮೊದಲ ಚುಚ್ಚುಮದ್ದು ಅಷ್ಟಾಗಿ ಫಲಿಸಲಿಲ್ಲ, ಜೀವರಸಾಯನ ವಿಜ್ಞಾನಿ ಕಾಲಿಪ್ ಶುದ್ಧಗೊಳಿಸಿಕೊಟ್ಟ ಎರಡನೆಯದು ಹನ್ನೆರಡು ದಿನದ ನಂತರ ಫಲಿಸಿತು. ಆ ಹುಡುಗನನ್ನು ನೆನೆದಾಗ ನನ್ನ ಅಳು ನನಗೇ ಸ್ವಲ್ಪ ಜಾಸ್ತಿ ಅನಿಸಿತು. ಸೂಜಿ ನೋಯುವುದಿಲ್ಲ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಹೊಟ್ಟೆಯಲ್ಲಿ ಗಂಟು ಮಾಡಿಕೊಂಡೆ, ಅಲ್ಲಿ ಹಾಕಿದ ಮದ್ದು ಸರಿಯಾಗಿ ಹೀರುವುದಿಲ್ಲ, ಜಾಗ ಬದಲಿಸುತ್ತಿರಬೇಕು. ಅಷ್ಟೇ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಐದನೆಯ ವರ್ಷದವರೆಗೆ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಗ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಎಂಬ ಮಾತ್ರೆ ಸೇರಿಸಿದ್ದರು. ಅದು ಮೇದೋಜೀರಕದಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತದೆ, ನೀವು ಊಟ ಮಾಡಿದ್ದೀರೋ ಇಲ್ಲವೋ ಎಂದು ಕೇಳುವುದಿಲ್ಲ. ವರ್ಷಾಂತ್ಯದ ಕೆಲಸ, ಬೆಳಿಗ್ಗೆ ಮಾತ್ರೆ ನುಂಗಿದ್ದೆ, ಮಧ್ಯಾಹ್ನದ ಊಟ ಮರೆತೆ. ನಾಲ್ಕು ಗಂಟೆಯ ಹೊತ್ತಿಗೆ ಒಂದೇ ಕಾಲಮನ್ನು ಮೂರು ಸಲ ಕೂಡಿದೆ, ಮೂರು ಮೊತ್ತ ಬಂತು. ಅಂಗಿ ಬೆವರಿನಿಂದ ಒದ್ದೆ. ಪಕ್ಕದ ಮೇಜಿನ ಹುಡುಗ ಏನೋ ಕೇಳಿದಾಗ ಅವನ ಮೇಲೆ ಕಿರುಚಿದೆನಂತೆ; ನನಗೆ ನೆನಪಿಲ್ಲ. ಅವನಿಗೆ ಹೊಳೆದದ್ದು ನಾನು ಕುಡಿದು ಬಂದಿದ್ದೇನೆ ಎಂದು. ಎಲ್ಲರೂ ದೂರ ಸರಿದರು. ಒಬ್ಬರು ಮಾತ್ರ ನೀರು ತಂದುಕೊಟ್ಟರು. ನೀರಿನಿಂದ ಏನಾಗಬೇಕು? ಚೀಲದಲ್ಲಿದ್ದ ಮೀಟರ್ ನಾನೇ ತಡಕಾಡಿ ತೆಗೆದೆ, 52. 70ಕ್ಕಿಂತ ಕೆಳಗಿಳಿದರೆ ‘ಲೋ’, ಅಂದರೆ ಸಕ್ಕರೆ ತೀರಾ ಇಳಿದಂತೆ. ಸಕ್ಕರೆ, ಸಕ್ಕರೆ ಎಂದು ಎರಡು ಸಲ ಹೇಳುವಷ್ಟು ನಾಲಿಗೆ ಉಳಿದಿತ್ತು, ಅದು ನನ್ನ ಪುಣ್ಯ.

ಮಾರನೆಯ ದಿನ ಎಲ್ಲರಿಗೂ ಹೇಳಿದೆ. ನಾಚಿಕೆಯಾಯಿತು, ಆದರೆ ಕುಡುಕ ಎನಿಸಿಕೊಳ್ಳುವುದಕ್ಕಿಂತ ಕಡಿಮೆ ನಾಚಿಕೆ. ಅವರಿಗೆ ಹೇಳಿದ್ದು ಇಷ್ಟು: ನನ್ನ ಮೇಜಿನ ಎರಡನೆಯ ಖಾನೆಯಲ್ಲಿ ಗ್ಲೂಕೋಸ್ ಇದೆ. 15 ಗ್ರಾಂ ಕೊಡಿ, 15 ನಿಮಿಷ ಕಾಯಿರಿ, ಸರಿಯಾಗದಿದ್ದರೆ ಮತ್ತೆ ಕೊಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ. ಇಷ್ಟು ಹೇಳಲು ಎರಡು ನಿಮಿಷ ಸಾಕಾಯಿತು. ಐದು ವರ್ಷ ಮುಚ್ಚಿಟ್ಟದ್ದಕ್ಕೆ ಏನು ಕಾರಣವಿತ್ತು ಎಂದು ಈಗ ಯೋಚಿಸಿದರೂ ಹೊಳೆಯುವುದಿಲ್ಲ. ನಿಮಗೆ ಕೊಟ್ಟಿರುವುದು ಮೆಟ್‌ಫಾರ್ಮಿನ್ ಒಂದೇ ಆದರೆ ಲೋ ಆಗುವ ಸಾಧ್ಯತೆ ಬಹಳ ಕಡಿಮೆ. ಆದರೂ ಮನೆಯಲ್ಲಿ ಹೇಳಿ. ಹೇಳಿದ ಮೇಲೆ ಉಪದೇಶದ ಮಳೆಯಾಗುತ್ತದೆ, ಅದನ್ನು ಮೊದಲೇ ಎಚ್ಚರಿಸುತ್ತೇನೆ. ಒಬ್ಬರು ಎಲೆ ಅಗಿಯಿರಿ ಎನ್ನುತ್ತಾರೆ, ಒಬ್ಬರು ಬೀಜ ನೆನೆಸಿ ಎನ್ನುತ್ತಾರೆ, ಮಾತ್ರೆ ಬಿಟ್ಟು ಗುಣವಾದ ಯಾರದೋ ಕಥೆ ಪ್ರತಿಯೊಬ್ಬರ ಬಳಿಯೂ ಇರುತ್ತದೆ. ನನ್ನ ಹೆಂಡತಿ ಮೊದಲ ವರ್ಷಗಳಲ್ಲಿ ನನ್ನ ತಟ್ಟೆಯನ್ನು ಪೊಲೀಸರಂತೆ ನೋಡುತ್ತಿದ್ದಳು. ನಾನು ಕದ್ದು ತಿನ್ನುವುದು ಕಲಿತದ್ದೂ ಆಗಲೇ. ಮೀಟರಿನ ಪುಸ್ತಕವನ್ನು ಅವಳ ಮುಂದೆ ತೆರೆದಿಟ್ಟ ಮೇಲೆ ಪಹರೆ ನಿಂತಿತು.

ದಿನವೂ ಯೋಚಿಸುತ್ತೇನೆಯೇ? ಮೊದಲ ಎರಡು ವರ್ಷ ಹೌದು, ಎಚ್ಚರವಿದ್ದಷ್ಟು ಹೊತ್ತೂ. ಈಗ ದಿನಕ್ಕೆ ಒಟ್ಟು ಇಪ್ಪತ್ತು ನಿಮಿಷವಿರಬಹುದು, ನಡಿಗೆ ಬಿಟ್ಟು. ಕೆಲವು ವಾರ ಎಲ್ಲವೂ ಬೇಸರವಾಗಿ ಪುಸ್ತಕ ಖಾಲಿ ಬಿಡುತ್ತೇನೆ, ಆಮೇಲೆ ಆ ಪುಟಕ್ಕೆ ಗೆರೆ ಎಳೆದು ಮುಂದಿನ ಪುಟಕ್ಕೆ ಹೋಗುತ್ತೇನೆ. ಹಿಂದಿನ ದಿನಾಂಕ ಹಾಕಿ ತುಂಬಿಸುವುದಿಲ್ಲ. ಕಳೆದ ತಿಂಗಳ ಎಚ್‌ಬಿಎ1ಸಿ 7.2. ಇವತ್ತು ಬೆಳಿಗ್ಗೆ 149, ಪಕ್ಕದಲ್ಲಿ ಬರೆದ ಕಾರಣ: ನಿನ್ನೆ ರಾತ್ರಿ ನಿಮ್ಮ ಪ್ರಶ್ನೆ ಓದಿ ಬಹಳ ಹೊತ್ತು ನಿದ್ದೆ ಬರಲಿಲ್ಲ.