ಅಂಬಾಸಿಡರ್ ಸೆಲ್ಫ್ ಕರ್ರ್ ಅಂದರೆ, ಹೊಸ ಸ್ಟಾರ್ಟರ್ ತರುವ ಮೊದಲು

ಅಣ್ಣ, ನೀವು ಬರೆದದ್ದು ಓದಿದೆ. ಅಪ್ಪನ ಕಾಲದ ಅಂಬಾಸಿಡರ್, ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್. ಸೆಲ್ಫ್ ಹೊಡೆದರೆ ಕೆಲವೊಮ್ಮೆ ಕರ್ರ್ ಅಂತ ಕಬ್ಬಿಣ ಉಜ್ಜುವ ಸದ್ದು, ಮತ್ತೊಮ್ಮೆ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್. ಪೇಟೆಯ ಮೆಕ್ಯಾನಿಕ್ ಸ್ಟಾರ್ಟರನ್ನೇ ಬದಲಿಸಬೇಕು ಅಂದರು. ಸ್ವಲ್ಪ ತಡೆಯಿರಿ ಮಾರಾಯ್ರೆ. "ಕೆಲವೊಮ್ಮೆ" ಅಂದಿರಲ್ಲ, ವಿಷಯ ಇರುವುದೇ ಅಲ್ಲಿ.

ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಮಾಡಿದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಕಂಪ್ರೆಶನ್ ತಡೆದು, ಹೆಚ್ಚಾಗಿ ಎದುರುಬದುರಾದ ಎರಡು ಜಾಗಗಳಲ್ಲೇ ನಿಲ್ಲುತ್ತದೆ. ಹಾಗಾಗಿ ಸ್ಟಾರ್ಟರಿನ ಪಿನಿಯನ್ (ತುದಿಯ ಸಣ್ಣ ಹಲ್ಲಿನ ಚಕ್ರ) ವರ್ಷಗಟ್ಟಲೆ ಫ್ಲೈವೀಲ್ (ಎಂಜಿನ್ನಿನ ಹಿಂದಿನ ಭಾರದ ಚಕ್ರ) ಸುತ್ತಲಿನ ರಿಂಗ್ ಗೇರಿನ ಅದೇ ಕೆಲವು ಹಲ್ಲುಗಳಿಗೆ ಬಡಿಯುತ್ತದೆ. ಉಳಿದ ಹಲ್ಲು ಹೊಸದರಂತೆ ಇರುತ್ತವೆ, ಆ ಎರಡು ಕಡೆ ಮಾತ್ರ ಸವೆದಿರುತ್ತವೆ.

ಇದನ್ನು ಹಿಡಿಯಲು ಒಂದು ತುಂಡು ಸೀಮೆಸುಣ್ಣ ಸಾಕು. ಎಂಜಿನ್ನಿನ ಎದುರು, ಫ್ಯಾನ್ ಬೆಲ್ಟ್ ಓಡುವ ಕೆಳಗಿನ ಕ್ರ್ಯಾಂಕ್ ಪುಲ್ಲಿಗೆ ಒಂದು ಗೆರೆ ಎಳೆಯಿರಿ. ಒಂದು ವಾರ, ಪ್ರತಿ ಸಲ ಸೆಲ್ಫ್ ಹೊಡೆಯುವ ಮೊದಲು ಗೆರೆ ಎಲ್ಲಿದೆ ನೋಡಿ. ಕರ್ರ್ ಅಂದ ದಿನ ಬರೆದಿಡಿ. ಗೆರೆ ಒಂದೇ ಜಾಗದಲ್ಲಿ ಅಥವಾ ಸರಿಯಾಗಿ ಅದರ ಎದುರಿನ ಜಾಗದಲ್ಲಿ ನಿಂತಾಗಲೇ ಸದ್ದು ಬಂದರೆ ಅನುಮಾನ ರಿಂಗ್ ಗೇರ್ ಮೇಲೆ. ಖಾತ್ರಿ ಬೇಕಾದರೆ ಪ್ಲಗ್ ನಾಲ್ಕನ್ನೂ ಬಿಚ್ಚಿ, ಕಾಯಿಲಿನ (ಪ್ಲಗ್ಗಿಗೆ ಕಿಡಿ ಕೊಡುವುದು) ವಯರ್ ತೆಗೆದಿಟ್ಟು, ನ್ಯೂಟ್ರಲ್‌ನಲ್ಲಿ ಎಂಜಿನ್ ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಹಾಕಿ ಗೆರೆಯನ್ನು ಕಾಲು ಸುತ್ತು ಸರಿಸಿ. ಈಗ ಸೆಲ್ಫ್ ಹೊಡೆದಾಗ ಸದ್ದಿಲ್ಲದೆ ತಿರುಗಿತೇ? ಹಾಗಾದರೆ ಹೊಸ ಸ್ಟಾರ್ಟರ್ ತಂದೂ ಪ್ರಯೋಜನ ಇಲ್ಲ. (ಸೆಲ್ಫ್ ಹೊಡೆಯುವ ಮೊದಲು ಹ್ಯಾಂಡಲ್ ಹೊರಗೆ ತೆಗೆಯಿರಿ. ನಗಬೇಡಿ, ಮರೆತವರನ್ನು ನೋಡಿದ್ದೇನೆ. ಚಕ್ರದ ಹಿಂದೆ ಮುಂದೆ ಒಂದೊಂದು ಮುರಕಲ್ಲು ಇಡಿ, ನಮ್ಮ ಅಂಗಳಗಳು ಯಾವುದು ಸಮತಟ್ಟು ಉಂಟು?)

ಗೆರೆ ಎಲ್ಲಿದ್ದರೂ ಸದ್ದು ಬರುತ್ತದೆ ಅಂದರೆ ಸ್ಟಾರ್ಟರ್ ಕಡೆ ಬನ್ನಿ. ಮೊದಲು ಅದರ ಎರಡು ಬೋಲ್ಟ್ ಬಿಗಿ ಇದೆಯಾ ನೋಡಿ. ಸಡಿಲವಾದರೆ ಹಲ್ಲು ಓರೆಯಾಗಿ ಕೂರುತ್ತದೆ. ಆಮೇಲೆ ಬ್ಯಾಟರಿ. ನಮ್ಮ ಮಳೆಗಾಲಕ್ಕೆ ಟರ್ಮಿನಲ್ ಮೇಲೆ ಮೈಲುತುತ್ತಿನ ಬಣ್ಣದ ಹುಡಿ ಕೂರುತ್ತದಲ್ಲ, ಅದನ್ನು ಬಿಸಿನೀರಿನಲ್ಲಿ ತೊಳೆಯಿರಿ. ಸುಮ್ನೆ ನಿಂತಾಗ 12.6 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯೇ ಸೋತಿದೆ. ಬ್ಯಾಟರಿಯ ಅರ್ತ್ ಟರ್ಮಿನಲ್ ಮತ್ತು ಎಂಜಿನ್ನಿನ ಬರಿ ಲೋಹದ ನಡುವೆ, ಸೆಲ್ಫ್ ಹೊಡೆಯುವಾಗಲೇ, ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಪಟ್ಟಿ (ಎಂಜಿನ್ನಿಗೂ ಬಾಡಿಗೂ ನಡುವಿನ ವಯರ್) ಬಿಚ್ಚಿ ಉಜ್ಜಿ ಹಾಕಿ. ಈ ಹಳೆಯ ಸ್ಟಾರ್ಟರಿನಲ್ಲಿ ಮೋಟಾರ್ ಥಟ್ಟನೆ ತಿರುಗಿದ ರಭಸಕ್ಕೇ ಪಿನಿಯನ್ ಸ್ಕ್ರೂ ಮೇಲೆ ಓಡಿ ಹಲ್ಲಿಗೆ ಸೇರಬೇಕು. ಕರೆಂಟ್ ಕಮ್ಮಿಯಾದರೆ ಅರ್ಧಂಬರ್ಧ ಸೇರಿ ಉಜ್ಜುತ್ತದೆ. (ನಿಮ್ಮ ಸ್ಟಾರ್ಟರಿನ ಬೆನ್ನ ಮೇಲೆ ಇನ್ನೊಂದು ಸಣ್ಣ ಸಿಲಿಂಡರ್ ಕೂತಿದ್ದರೆ ಅದು ಬೇರೆ ಜಾತಿ, ಹೇಳಿ.)

ಅದೂ ಸರಿ ಇದ್ದರೆ ಬ್ಯಾಟರಿಯ ಅರ್ತ್ ವಯರ್ ಕಳಚಿ, ಸ್ಟಾರ್ಟರ್ ಬಿಚ್ಚಿ ಬೆಂಡಿಕ್ಸ್ (ಪಿನಿಯನ್, ಅದು ಓಡುವ ಸ್ಕ್ರೂ, ಸ್ಪ್ರಿಂಗ್ ಇರುವ ಭಾಗ) ನೋಡಿ. ಪಿನಿಯನ್ ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ಓಡಬೇಕು, ಬಿಟ್ಟರೆ ಸ್ಪ್ರಿಂಗ್ ಹಿಂದೆ ತಳ್ಳಬೇಕು. ಚಿಮಿಣಿ ಎಣ್ಣೆಯಲ್ಲಿ ಬ್ರಶ್ ಹಾಕಿ ತೊಳೆದು ಒಣಗಿಸಿ. ಗ್ರೀಸ್ ಮಾತ್ರ ಬೇಡ. ನಾನು ಒಮ್ಮೆ ಪ್ರೀತಿಯಿಂದ ಗ್ರೀಸ್ ಮೆತ್ತಿದ್ದೆ. ಕ್ಲಚ್ ಹುಡಿ ಅದಕ್ಕೆ ಅಂಟಿ ಹಲಸಿನ ಮೇಣದಂತಾಯಿತು. ಪಿನಿಯನ್ ಹಿಂದೆ ಬಾರದೆ ಎಂಜಿನ್ ಸ್ಟಾರ್ಟ್ ಆದ ಮೇಲೂ ಕಿರುಚಿತು. ನಿಮ್ಮದೂ ಸ್ಟಾರ್ಟ್ ಆದ ಮೇಲೆ ಕಿರುಚುತ್ತದಾ, ಅಥವಾ ಮೊದಲು ಮಾತ್ರವಾ? ನಿಮ್ಮ ಪ್ರಶ್ನೆಯಲ್ಲಿ ಅದನ್ನು ಬರೆದಿಲ್ಲ.

ಪಿನಿಯನ್ ಸಿಕ್ಕಿಹಾಕಿಕೊಂಡು ಟಕ್ ಅಂತ ನಿಂತೇ ಹೋದರೆ ಗಾಬರಿ ಬೇಡ. ಕೀ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಕಾರನ್ನು ಹಿಂದೆ ಮುಂದೆ ಅಲುಗಾಡಿಸಿ. ಇಲ್ಲವಾದರೆ ಸ್ಟಾರ್ಟರಿನ ಹಿಂದಿನ ತುದಿಯ ತಗಡಿನ ಮುಚ್ಚಳ ತೆಗೆಯಿರಿ. ಒಳಗೆ ಚೌಕದ ತುದಿ ಉಂಟು, ಸ್ಪಾನರ್ ಹಾಕಿ ತಿರುಗಿಸಿದರೆ ಬಿಡುತ್ತದೆ.

ಇನ್ನೊಂದು, ಬೈದೆ ಅಂದುಕೊಳ್ಳಬೇಡಿ. ಒಂದು ಸಲ ಡರ್ ಅಂದು ಎಂಜಿನ್ ಆಫ್ ಆದ ಕೂಡಲೇ ಮತ್ತೆ ಸೆಲ್ಫ್ ಹೊಡೆಯುತ್ತೀರಾ? ಫ್ಲೈವೀಲ್ ಇನ್ನೂ ತಿರುಗುತ್ತಿರುತ್ತದೆ. ಐದಾರು ಸೆಕೆಂಡ್ ಬಿಡಿ. ಅರ್ಧ ಹಲ್ಲು ಹೋಗುವುದು ಈ ಅವಸರಕ್ಕೇ.

ರಿಂಗ್ ಗೇರೇ ಸವೆದದ್ದಾದರೆ ಗೇರ್‌ಬಾಕ್ಸ್ ಇಳಿಸಬೇಕು. ರಿಂಗ್ ಬಿಸಿ ಮಾಡಿ ಕೂರಿಸಿದ್ದು, ಹಾಗಾಗಿ ಲೇತ್ ಶಾಪಿನವರು ಅದನ್ನು ತೆಗೆದು ಕಾಲು ಸುತ್ತು ತಿರುಗಿಸಿಯೂ ಕೂರಿಸಿ ಕೊಡುತ್ತಾರೆ. ಒಳ್ಳೆಯ ಹಲ್ಲು ಪಿನಿಯನ್ ಎದುರಿಗೆ ಬರುತ್ತದೆ. ಕ್ಲಚ್ ಪ್ಲೇಟ್ ಕೆಲಸ ಹೇಗೂ ಹತ್ತಿರ ಬಂದಿದ್ದರೆ ಎರಡನ್ನೂ ಒಟ್ಟಿಗೆ ಮಾಡಿಸಿ. ಅಲ್ಲಿವರೆಗೆ ಕರ್ರ್ ಅಂದ ದಿನ ಹ್ಯಾಂಡಲ್‌ನಲ್ಲಿ ಕಾಲು ಸುತ್ತು ಸರಿಸಿ ಸೆಲ್ಫ್ ಹೊಡೆದರೆ ನಡೆಯುತ್ತದೆ. ಹ್ಯಾಂಡಲ್ ಹಿಡಿಯುವಾಗ ಕೀ ಆಫ್ ಇರಲಿ, ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಎಂಜಿನ್ ತಿರುಗಿ ಒದ್ದರೆ ಕೈ ಉಳಿಯುತ್ತದೆ.

ವಾರದ ನಂತರ ಗೆರೆಯ ಲೆಕ್ಕ ಇಲ್ಲೇ ಹಾಕಿ.